ಕಾಂಡಕೋಶದಿಂದ ಹೃದಯಕೋಶದವರೆಗೆ: ಕೋಶದ ಶಕ್ತಿಯ ಲೆಕ್ಕ ಹಿಡಿಯುವುದು ಹೇಗೆ?

'ಕಾಂಡಕೋಶ ಸಕ್ಕರೆ ಒಡೆದು ಬದುಕುತ್ತದೆ, ಬಲಿತ ಕೋಶ ಮೈಟೋಕಾಂಡ್ರಿಯಾ ನಂಬಿ ಬದುಕುತ್ತದೆ.' ಈ ಮಾತನ್ನು ಸೆಮಿನಾರ್‌ಗಳಲ್ಲಿ ಎಷ್ಟೋ ಸಲ ಕೇಳಿರುತ್ತೀರಿ. ಕಾಂಡಕೋಶ ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್; ಮೈಟೋಕಾಂಡ್ರಿಯಾ ಅಂದರೆ ಕೋಶದೊಳಗೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಭಾಗ. ಆ ಮಾತು ಪೂರ್ತಿ ಸುಳ್ಳೇನಲ್ಲ. ಆದರೆ ಇದನ್ನೇ ನಿಯಮ ಅಂದುಕೊಂಡು ಪ್ರಯೋಗಕ್ಕೆ ಇಳಿದರೆ ಕಷ್ಟ. ಇಲಿಯ ಸಣ್ಣ ಕರುಳನ್ನೇ ನೋಡಿ. ಅಲ್ಲಿ ಕಾಂಡಕೋಶದ ಮೈಟೋಕಾಂಡ್ರಿಯಾ ಚುರುಕು. ಅದರಿಂದಲೇ ಹುಟ್ಟಿ ಪಕ್ಕದಲ್ಲೇ ಕೂತಿರುವ ಪ್ಯಾನೆತ್ ಕೋಶ (ಕರುಳಿನ ಒಂದು ಬಲಿತ ಕೋಶ) ಗ್ಲೈಕಾಲಿಸಿಸ್ (ಆಮ್ಲಜನಕ ಬೇಡದೆ ಗ್ಲೂಕೋಸ್ ಒಡೆಯುವ ದಾರಿ) ನೆಚ್ಚಿಕೊಂಡು, ಉಳಿದ ಲ್ಯಾಕ್ಟೇಟನ್ನು ತಾಯಿಕೋಶಕ್ಕೆ ದಾಟಿಸುತ್ತದೆ. ನಿಯಮ ಪೂರ್ತಿ ತಿರುಗುಮುರುಗು, ಅಲ್ವಾ?

ಹಾಗಾಗಿ ಅಳೆದೇ ನೋಡಬೇಕು. ಇಲ್ಲಿ ನಾನು ಒಂದೇ ಜೋಡಿಯನ್ನು ಹಿಡಿದುಕೊಂಡು ಹೋಗುತ್ತೇನೆ: ಮನುಷ್ಯನ ಐಪಿಎಸ್ ಕೋಶ (ಬಲಿತ ಕೋಶವನ್ನು ಹಿಂದಕ್ಕೆ ತಿರುಗಿಸಿ ಮಾಡಿದ ಕಾಂಡಕೋಶ) ಮತ್ತು ಅದರಿಂದ ಬೆಳೆಸಿದ ಹೃದಯದ ಸ್ನಾಯುಕೋಶ. ಕಲ್ಚರ್ ಕೆಲಸ ಗೊತ್ತಿರುವ, ಶಕ್ತಿಯ ಅಳತೆಗೆ ಹೊಸಬರಾದ ಎಂಎಸ್ಸಿ, ಪಿಎಚ್‌ಡಿ ವಿದ್ಯಾರ್ಥಿಗಳು ನನ್ನ ಕಣ್ಣ ಮುಂದಿದ್ದಾರೆ.

ಶುರುಮಾಡುವ ಮುಂಚೆ ಇಷ್ಟು ಗೊತ್ತಿರಲಿ

ಒಂದು ಗ್ಲೂಕೋಸ್ ಅಣು ಗ್ಲೈಕಾಲಿಸಿಸ್‌ನಲ್ಲಿ ಮುರಿದು ಲ್ಯಾಕ್ಟೇಟ್ ಆದರೆ ಕೋಶಕ್ಕೆ ಸಿಗುವುದು 2 ಎಟಿಪಿ (ಕೋಶ ಖರ್ಚು ಮಾಡುವ ಶಕ್ತಿಯ ಅಣು). ಅದೇ ಗ್ಲೂಕೋಸ್ ಮೈಟೋಕಾಂಡ್ರಿಯಾಕ್ಕೆ ಹೋಗಿ ಪೂರ್ತಿ ಉರಿದರೆ ಸುಮಾರು 30ರಿಂದ 32. ಇಷ್ಟು ಲಾಭ ಬಿಟ್ಟು ಐಪಿಎಸ್ ಕೋಶ ಯಾಕೆ ಲ್ಯಾಕ್ಟೇಟ್ ಚೆಲ್ಲುತ್ತದೆ? ಅದಕ್ಕೆ ಬೇಕಿರುವುದು ಎಟಿಪಿ ಒಂದೇ ಅಲ್ಲ. ದಿನಕ್ಕೊಮ್ಮೆ ಇಬ್ಭಾಗ ಆಗುವ ಕೋಶಕ್ಕೆ ಡಿಎನ್‌ಎ ಕಟ್ಟಲು ನ್ಯೂಕ್ಲಿಯೋಟೈಡ್ ಬೇಕು, ಪೊರೆ ಕಟ್ಟಲು ಕೊಬ್ಬು ಬೇಕು. ಅದಕ್ಕೆಲ್ಲ ಇಂಗಾಲ ಬರುವುದು ಗ್ಲೈಕಾಲಿಸಿಸ್ ದಾರಿಯ ಕವಲುಗಳಿಂದ. ಆಮ್ಲಜನಕ ಇದ್ದರೂ ಲ್ಯಾಕ್ಟೇಟ್ ಮಾಡುವ ಈ ನಡವಳಿಕೆಯನ್ನು ಓಟೋ ವಾರ್‌ಬರ್ಗ್ 1920ರ ದಶಕದಲ್ಲೇ ಗಡ್ಡೆಗಳಲ್ಲಿ ಕಂಡಿದ್ದರು.

ಇನ್ನೊಂದು ವಿಷಯ. ಐಪಿಎಸ್ ಕೋಶದ ಮೈಟೋಕಾಂಡ್ರಿಯಾ ಕೆಟ್ಟು ನಿಂತಿರುವುದಿಲ್ಲ. ದುಂಡಗೆ, ಚಿಕ್ಕದಾಗಿ, ನ್ಯೂಕ್ಲಿಯಸ್ ಸುತ್ತ ಗುಂಪುಗೂಡಿರುತ್ತದೆ. ಒಳಗಿನ ಮಡಿಕೆಗಳು ಕಡಿಮೆ. ಆದರೂ ಉಸಿರಾಡುತ್ತದೆ. ಯುಸಿಪಿ2 ಎಂಬ ಪ್ರೋಟೀನ್ ಜಾಸ್ತಿ ಇದ್ದು, ಗ್ಲೂಕೋಸ್‌ನ ಇಂಗಾಲ ಮೈಟೋಕಾಂಡ್ರಿಯಾ ಕಡೆಗೆ ಹೋಗದಂತೆ ತಡೆಯುತ್ತದೆ ಎಂದು 2011ರಲ್ಲಿ ತೋರಿಸಿದ್ದಾರೆ. ಕೋಶ ಬೆಳೆದಂತೆ ಅದು ಇಳಿಯುತ್ತದೆ. ಹೃದಯಕೋಶ ಆಗುವ ಹೊತ್ತಿಗೆ ಮೈಟೋಕಾಂಡ್ರಿಯಾ ಉದ್ದವಾಗಿ, ಜಾಲವಾಗಿ ಹರಡಿಕೊಳ್ಳುತ್ತದೆ. ದೊಡ್ಡವರ ಹೃದಯಕ್ಕೆ ಬೇಕಾದ ಎಟಿಪಿಯ ಹೆಚ್ಚಿನ ಪಾಲು ಬರುವುದು ಕೊಬ್ಬಿನಾಮ್ಲದಿಂದ.

ಹಂತ 1: ಯಾವ ದಿನ ಅಳೆಯುತ್ತೀರಿ ಅಂತ ಮೊದಲೇ ಗೊತ್ತುಮಾಡಿ

ಆರಂಭ ಮತ್ತು ಅಂತ್ಯ ಮಾತ್ರ ಅಳೆದರೆ ಕಥೆಯ ಮಧ್ಯಭಾಗವೇ ಇರುವುದಿಲ್ಲ. ಕನಿಷ್ಠ ನಾಲ್ಕು ನಿಲ್ದಾಣ ಇಟ್ಟುಕೊಳ್ಳಿ: 0ನೇ ದಿನ, 5ನೇ ದಿನದ ಆಸುಪಾಸು (ಕೋಶಗಳು ಹೃದಯದ ದಾರಿ ಹಿಡಿದಿರುತ್ತವೆ, ಇನ್ನೂ ಬಡಿಯುವುದಿಲ್ಲ), 15ನೇ ದಿನ, ಮತ್ತೆ 30 ದಾಟಿದ ಮೇಲೆ ಒಂದು.

ಇಲ್ಲೊಂದು ತೊಡಕಿದೆ. ಐಪಿಎಸ್ ಕೋಶ ಬಿಡುವಿಲ್ಲದೆ ವಿಭಜನೆ ಆಗುತ್ತದೆ. 30 ದಿನದ ಹೃದಯಕೋಶ ಬಹುಮಟ್ಟಿಗೆ ವಿಭಜನೆ ನಿಲ್ಲಿಸಿರುತ್ತದೆ. ಎರಡರ ನಡುವೆ ಕಾಣುವ ವ್ಯತ್ಯಾಸ ಕಾಂಡಕೋಶತನದ್ದೋ, ವಿಭಜನೆಯ ವೇಗದ್ದೋ? ಇದಕ್ಕೆ ಉತ್ತರ ಬೇಕೆಂದರೆ ವೇಗವಾಗಿ ವಿಭಜನೆ ಆಗುವ, ಆದರೆ ಕಾಂಡಕೋಶ ಅಲ್ಲದ ಮೂರನೇ ಕೋಶವೊಂದನ್ನು ಜೊತೆಗಿಡಿ. ಅದೇ ದಾನಿಯ ಚರ್ಮದ ಫೈಬ್ರೋಬ್ಲಾಸ್ಟ್ ಇದ್ದರೆ ಒಳ್ಳೆಯದು.

ಹಂತ 2: ಅನುಮತಿ, ಕೋಶ, ಬೆಳೆಸುವ ಕ್ರಮ

ಮನುಷ್ಯನ ಕಾಂಡಕೋಶದ ಕೆಲಸಕ್ಕೆ ನಿಮ್ಮ ಸಂಸ್ಥೆಯ ಕಾಂಡಕೋಶ ಸಮಿತಿಯನ್ನು ಮೊದಲು ಮಾತಾಡಿಸಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಡಿಬಿಟಿಯ (ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ) 2017ರ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಯಾವ ಕೆಲಸಕ್ಕೆ ಎಷ್ಟು ಪರಿಶೀಲನೆ ಎಂದು ವರ್ಗ ಮಾಡಿದ್ದಾರೆ. ಐಪಿಎಸ್ ಬದಲು ಭ್ರೂಣದ ಕಾಂಡಕೋಶ ಬೇಕೆನ್ನುವವರಿಗೆ ನಮ್ಮ ನೆಲದಲ್ಲೇ ಹುಟ್ಟಿದ ಕೋಶಸಾಲುಗಳಿವೆ (ಸೆಲ್ ಲೈನ್). ಬಿಜೆಎನ್‌ಹೆಮ್19 ಮತ್ತು ಬಿಜೆಎನ್‌ಹೆಮ್20 ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ಗುಂಪು ತಯಾರಿಸಿದ್ದು.

ಹೃದಯಕೋಶ ಮಾಡುವ ಕ್ರಮ ಈಗ ಬಹಳ ಕಡೆ ಒಂದೇ. ಕೋಶಗಳು ತಟ್ಟೆ ತುಂಬಿದಾಗ ಚಿರ್99021 ಹಾಕಿ ಕೋಶ ಬೆಳೆಯುವ ದಾರಿಯನ್ನು ತಿರುಗಿಸುವ ವಿಂಟ್ ಸಂಕೇತವನ್ನು ಏರಿಸುವುದು, 3ನೇ ದಿನ ಐಡಬ್ಲ್ಯುಪಿ2 ಹಾಕಿ ಅದನ್ನೇ ಇಳಿಸುವುದು. ಮೀಡಿಯಾ ಆರ್‌ಪಿಎಂಐ 1640, ಮೊದಲ ಒಂದು ವಾರ ಇನ್ಸುಲಿನ್ ಇಲ್ಲದ ಬಿ-27 (ಮೀಡಿಯಾಕ್ಕೆ ಸೇರಿಸುವ ಪೋಷಕ ಮಿಶ್ರಣ), ಆಮೇಲೆ ಇನ್ಸುಲಿನ್ ಇರುವ ಬಿ-27. ಎರಡನೇ ವಾರದ ಹೊತ್ತಿಗೆ ಬಡಿತ ಕಾಣುತ್ತದೆ. ಚಿರ್‌ನ ಪ್ರಮಾಣ ಪ್ರತಿ ಸಾಲಿಗೂ ಬೇರೆ. 6ರಿಂದ 12 ಮೈಕ್ರೋಮೋಲಾರ್ ನಡುವೆ ನಿಮ್ಮ ಸಾಲಿಗೆ ಒಗ್ಗುವುದು ಯಾವುದೆಂದು ನೋಡಿಕೊಳ್ಳಿ.

ಹಂತ 3: ಕಲಬೆರಕೆ ತೆಗೆಯಿರಿ, ಆದರೆ ಎಚ್ಚರದಿಂದ

ತಟ್ಟೆಯಲ್ಲಿ ಬಡಿಯುವ ಕೋಶಗಳ ಜೊತೆ ಫೈಬ್ರೋಬ್ಲಾಸ್ಟ್‌ನಂಥವೂ ಇರುತ್ತವೆ. ಕೆಲವೊಮ್ಮೆ ಬದಲಾಗದೆ ಉಳಿದ ಐಪಿಎಸ್ ಕೋಶವೂ ಇರುತ್ತದೆ. ಇವನ್ನು ತೆಗೆಯುವ ಜಾಣ ಉಪಾಯವೊಂದನ್ನು ಜಪಾನಿನ ತೊಹ್ಯಾಮಾ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದರು. ಗ್ಲೂಕೋಸ್ ಪೂರ್ತಿ ತೆಗೆದು ಲ್ಯಾಕ್ಟೇಟ್ ಮಾತ್ರ ಕೊಡುವುದು, ಅಷ್ಟೇ. ಹೃದಯಕೋಶ ಲ್ಯಾಕ್ಟೇಟನ್ನು ಪೈರುವೇಟ್ ಮಾಡಿಕೊಂಡು ಮೈಟೋಕಾಂಡ್ರಿಯಾದಲ್ಲಿ ಬಳಸುತ್ತದೆ. ಗ್ಲೂಕೋಸ್ ಇಲ್ಲದೆ ಬಾಳಲಾರದ ಕೋಶಗಳು ಸಾಯುತ್ತವೆ. ಉಳಿದವುಗಳಲ್ಲಿ ಹೃದಯಕೋಶದ ಪಾಲು 99 ಶೇಕಡಾವರೆಗೂ ಹೋಗಬಹುದು ಎಂದು ಅವರು ತೋರಿಸಿದರು. ತಾಯಿಗೂ ಮಗುವಿಗೂ ಶಕ್ತಿಯ ದಾರಿ ಬೇರೆ ಎಂಬುದಕ್ಕೆ ಇದಕ್ಕಿಂತ ಕಣ್ಣಿಗೆ ಕಾಣುವ ಸಾಕ್ಷಿ ನನಗೆ ಗೊತ್ತಿಲ್ಲ.

ಮಾಡುವುದು ಹೀಗೆ: ಬಡಿತ ಶುರುವಾದ ಮೇಲೆ ಗ್ಲೂಕೋಸ್ ಇಲ್ಲದ ಮೀಡಿಯಾಕ್ಕೆ 4 ಮಿಲಿಮೋಲಾರ್ ಸೋಡಿಯಂ ಲ್ಯಾಕ್ಟೇಟ್ ಹಾಕಿ, ನಾಲ್ಕರಿಂದ ಆರು ದಿನ ಇಡಿ. ಎರಡು ದಿನಕ್ಕೊಮ್ಮೆ ಬದಲಾಯಿಸಿ. ಸತ್ತ ಕೋಶ ತೇಲುತ್ತವೆ, ತೊಳೆದು ತೆಗೆಯಿರಿ. ಕೊನೆಗೆ ಫ್ಲೋ ಸೈಟೋಮೆಟ್ರಿಯಲ್ಲಿ ಹೃದಯಕೋಶದ ಗುರುತಾದ ಟ್ರೊಪೋನಿನ್ ಟಿ ನೋಡಿ.

ಎಚ್ಚರ ಯಾಕೆ ಅಂದರೆ, ನೀವು ಅಳೆಯಬೇಕೆಂದಿರುವುದು ಚಯಾಪಚಯವನ್ನು, ಆರಿಸಿದ್ದೂ ಚಯಾಪಚಯದಿಂದಲೇ. ಲ್ಯಾಕ್ಟೇಟ್ ತಿಂದು ಬದುಕುವ ಕೋಶಗಳನ್ನು ಆರಿಸಿ, ಆಮೇಲೆ 'ನೋಡಿ, ಇವು ಮೈಟೋಕಾಂಡ್ರಿಯಾ ನೆಚ್ಚಿವೆ' ಅಂದರೆ ವಿಮರ್ಶಕರು ಬಿಡುವುದಿಲ್ಲ. ಬಿಡಲೂಬಾರದು. ಆಯ್ಕೆ ಮುಗಿದ ಮೇಲೆ ಒಂದು ವಾರವಾದರೂ ಮಾಮೂಲಿ ಮೀಡಿಯಾದಲ್ಲಿ ಇಡಿ. ಜೊತೆಗೆ ಬೇರೆ ದಾರಿಯಲ್ಲಿ, ಉದಾಹರಣೆಗೆ ಎಸ್‌ಐಆರ್‌ಪಿಎ ಎಂಬ ಮೇಲ್ಮೈ ಗುರುತು ಹಿಡಿದು ಬೇರ್ಪಡಿಸಿದ ಕೋಶಗಳನ್ನೂ ಒಂದು ಸಲ ಅಳೆಯಿರಿ. ಎರಡೂ ಒಂದೇ ಮಾತು ಹೇಳಿದರೆ ನೆಮ್ಮದಿ.

ಹಂತ 4: ಪ್ಲೇಟ್‌ಗೆ ಹಾಕುವುದು

ಬಹಳ ಲ್ಯಾಬ್‌ಗಳು ಬಳಸುವುದು ಸೀಹಾರ್ಸ್ ಯಂತ್ರ. ಕೋಶದ ಸುತ್ತ ಪುಟ್ಟ ಜಾಗ ಮುಚ್ಚಿ, ಆಮ್ಲಜನಕ ಎಷ್ಟು ಬೇಗ ಕಡಿಮೆ ಆಗುತ್ತದೆ, ಆಮ್ಲ ಎಷ್ಟು ಬೇಗ ಏರುತ್ತದೆ ಎಂದು ಅಳೆಯುತ್ತದೆ. ಮೊದಲನೆಯದು ಒಸಿಆರ್, ಎರಡನೆಯದು ಇಸಿಎಆರ್. ನಾನು ಇಲ್ಲಿ 96 ವೆಲ್‌ನ ಲೆಕ್ಕ ಕೊಡುತ್ತೇನೆ.

ಎರಡೂ ಕೋಶ ಒಂದೇ ಪ್ಲೇಟ್‌ನಲ್ಲಿರಬೇಕು. ಇದರಲ್ಲಿ ರಾಜಿ ಬೇಡ. ಇವತ್ತು ಐಪಿಎಸ್, ಮುಂದಿನ ವಾರ ಹೃದಯಕೋಶ ಅಂತ ಅಳೆದರೆ ಮೀಡಿಯಾ, ಔಷಧಿ, ಯಂತ್ರ ಎಲ್ಲವೂ ಸ್ವಲ್ಪ ಸ್ವಲ್ಪ ಬದಲಾಗಿರುತ್ತವೆ. ಹೃದಯಕೋಶ ಅಂಟಿಕೊಂಡು ಮತ್ತೆ ಬಡಿಯಲು ದಿನ ಹಿಡಿಯುತ್ತದೆ. ಆದ್ದರಿಂದ ಅದನ್ನು ನಾಲ್ಕೈದು ದಿನ ಮುಂಚೆ ಹಾಕಿ. ಐಪಿಎಸ್ ಕೋಶವನ್ನು ಅದೇ ಪ್ಲೇಟ್‌ನ ಖಾಲಿ ವೆಲ್‌ಗಳಿಗೆ ಹಿಂದಿನ ದಿನ ಹಾಕಿ. ಎಲ್ಲ ವೆಲ್‌ಗೂ ಒಂದೇ ಲೇಪ, ಮ್ಯಾಟ್ರಿಜೆಲ್ ಆದರೆ ಮ್ಯಾಟ್ರಿಜೆಲ್. ಐಪಿಎಸ್ ಬಿಡಿ ಕೋಶಗಳಾಗಿ ಹಾಕಿದಾಗ ಸಾಯದಿರಲು 10 ಮೈಕ್ರೋಮೋಲಾರ್ ವೈ-27632 ಬೇಕು. ಅಳೆಯುವ ಮುಂಚೆ ಅದನ್ನು ತೆಗೆದಿರಬೇಕು.

ಎಷ್ಟು ಕೋಶ? ವೆಲ್‌ಗೆ 20,000ದಿಂದ ಶುರುಮಾಡಿ, ಮೇಲೆ ಕೆಳಗೆ ಎರಡೆರಡು ಸಾಂದ್ರತೆ ನೋಡಿ. ಆರಂಭದ ಒಸಿಆರ್ ನಿಮಿಷಕ್ಕೆ ಸುಮಾರು 20ರಿಂದ 160 ಪಿಕೋಮೋಲ್ ನಡುವೆ ಬರಬೇಕು. ನಾಲ್ಕು ಮೂಲೆಯ ವೆಲ್‌ಗಳಿಗೆ ಕೋಶ ಹಾಕಬೇಡಿ, ಅವು ಹಿನ್ನೆಲೆ ಅಳತೆಗೆ. ಪ್ಲೇಟನ್ನು ಕೈಯಲ್ಲಿ ಅಲುಗಾಡಿಸಿ ಕೋಶ ಹರಡಲು ಹೋಗಬೇಡಿ. ಇನ್‌ಕ್ಯುಬೇಟರ್‌ಗೆ ಇಡುವ ಮುಂಚೆ ಒಂದರ್ಧ ಗಂಟೆ ಹುಡ್‌ನಲ್ಲೇ ಸುಮ್ನೆ ಬಿಡಿ, ಕೋಶ ಸಮವಾಗಿ ಕೂರುತ್ತವೆ.

ಹಂತ 5: ಊಟ ಒಂದೇ ಇರಲಿ

ಸಾಮಾನ್ಯವಾಗಿ ಐಪಿಎಸ್ ಬೆಳೆಯುವುದು ಡಿಎಂಇಎಂ/ಎಫ್12 ಆಧಾರದ ಮೀಡಿಯಾದಲ್ಲಿ. ಅದರಲ್ಲಿ ಗ್ಲೂಕೋಸ್ 17.5 ಮಿಲಿಮೋಲಾರ್. ಹೃದಯಕೋಶದ ಆರ್‌ಪಿಎಂಐಯಲ್ಲಿ 11. ಬಿ-27ರಲ್ಲಿ ಕೊಬ್ಬಿನಾಮ್ಲ ಸ್ವಲ್ಪ ಇರುತ್ತದೆ, ಐಪಿಎಸ್‌ನ ಸರಳ ಮೀಡಿಯಾಗಳಲ್ಲಿ ಕೊಬ್ಬು ಇಲ್ಲವೇ ಇಲ್ಲ ಅನ್ನಬಹುದು. ಕೊಬ್ಬು ಸಿಗದ ಕೋಶ ಅದನ್ನು ತಾನೇ ಗ್ಲೂಕೋಸ್‌ನಿಂದ, ಗ್ಲುಟಮಿನ್‌ನಿಂದ ಕಟ್ಟಿಕೊಳ್ಳುತ್ತದೆ. ಅಂದರೆ 'ಕಾಂಡಕೋಶದ ಸ್ವಭಾವ' ಅಂತ ನಾವು ಬರೆಯುವುದರಲ್ಲಿ ಒಂದಷ್ಟು ಪಾಲು ಬಾಟಲಿಯ ಸ್ವಭಾವ.

ಅಳತೆಯ ದಿನ ಎಲ್ಲಕ್ಕೂ ಒಂದೇ ಮೀಡಿಯಾ ಕೊಡಿ. ಬೈಕಾರ್ಬನೇಟ್ ಇಲ್ಲದ, ಪಿಎಚ್ 7.4ರ ಡಿಎಂಇಎಂ, ಅದಕ್ಕೆ 10 ಮಿಲಿಮೋಲಾರ್ ಗ್ಲೂಕೋಸ್, 1 ಮಿಲಿಮೋಲಾರ್ ಪೈರುವೇಟ್, 2 ಮಿಲಿಮೋಲಾರ್ ಗ್ಲುಟಮಿನ್. ಎರಡು ಸಲ ಮೆಲ್ಲಗೆ ತೊಳೆದು, ವೆಲ್‌ಗೆ 180 ಮೈಕ್ರೋಲೀಟರ್ ಹಾಕಿ, ಇಂಗಾಲದ ಡೈಆಕ್ಸೈಡ್ ಇಲ್ಲದ 37 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲಿ 45ರಿಂದ 60 ನಿಮಿಷ ಇಡಿ. ಹೃದಯಕೋಶ ಈ ಮೀಡಿಯಾದಲ್ಲೂ ಬಡಿಯುತ್ತಿದೆಯಾ ಅಂತ ಮೈಕ್ರೋಸ್ಕೋಪ್‌ನಲ್ಲಿ ನೋಡಿ ಬರೆದುಕೊಳ್ಳಿ. ಬಡಿತಕ್ಕೇ ಎಟಿಪಿ ಖರ್ಚಾಗುತ್ತದೆ. ಅರ್ಧ ವೆಲ್ ಬಡಿದು ಅರ್ಧ ನಿಂತಿದ್ದರೆ ಅಂಕಿಗಳ ಚದುರಾಟಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಹಂತ 6: ಎಫ್‌ಸಿಸಿಪಿ ಪ್ರಮಾಣ ಪ್ರತಿ ಕೋಶಕ್ಕೂ ಬೇರೆ

ಮೂರು ಔಷಧಿ ಒಂದಾದ ಮೇಲೊಂದು ಹೋಗುತ್ತವೆ. ಒಲಿಗೋಮೈಸಿನ್ ಎಟಿಪಿ ತಯಾರಿಸುವ ಕಿಣ್ವವನ್ನು ನಿಲ್ಲಿಸುತ್ತದೆ. ಎಫ್‌ಸಿಸಿಪಿ ಪೊರೆಯ ಆಚೀಚೆಯ ಪ್ರೋಟಾನ್ ವ್ಯತ್ಯಾಸವನ್ನು ಕರಗಿಸಿ ಉಸಿರಾಟವನ್ನು ತುಟ್ಟತುದಿಗೆ ಏರಿಸುತ್ತದೆ, ಬೈಕಿನ ಎಕ್ಸಲರೇಟರ್ ಪೂರ್ತಿ ತಿರುಗಿಸಿದ ಹಾಗೆ. ರೋಟಿನೋನ್ ಮತ್ತು ಆಂಟಿಮೈಸಿನ್ ಎ ಜೊತೆಯಾಗಿ ಮೈಟೋಕಾಂಡ್ರಿಯಾದ ಉಸಿರಾಟವನ್ನೇ ಮುಚ್ಚಿಬಿಡುತ್ತವೆ.

ಎಡವಟ್ಟಾಗುವುದು ಎಫ್‌ಸಿಸಿಪಿಯಲ್ಲಿ. ಕಡಿಮೆ ಆದರೆ ತುದಿ ಮುಟ್ಟುವುದಿಲ್ಲ, ಜಾಸ್ತಿ ಆದರೆ ಕೋಶವೇ ಕುಸಿಯುತ್ತದೆ. ಎರಡರಲ್ಲೂ ಸಿಗುವುದು ಒಂದೇ ತಪ್ಪು ಉತ್ತರ: 'ಇದರ ಸಾಮರ್ಥ್ಯ ಕಡಿಮೆ.' ಐಪಿಎಸ್‌ಗೆ ಸರಿಹೋಗುವ ಪ್ರಮಾಣ ಹೃದಯಕೋಶಕ್ಕೆ ಸರಿಹೋಗಬೇಕೆಂದಿಲ್ಲ. 0.25, 0.5, 1, 1.5, 2 ಮೈಕ್ರೋಮೋಲಾರ್ ಹೀಗೆ ಎರಡೂ ಕೋಶದಲ್ಲಿ ಬೇರೆ ಬೇರೆಯಾಗಿ ನೋಡಿ, ಪ್ರತಿಯೊಂದಕ್ಕೂ ಅತಿ ಎತ್ತರದ ಒಸಿಆರ್ ಕೊಡುವ ಪ್ರಮಾಣವನ್ನು ಬಳಸಿ. 'ಎರಡಕ್ಕೂ ಒಂದೇ ಪ್ರಮಾಣ ಕೊಟ್ಟರೆ ತಾನೇ ನ್ಯಾಯ?' ಅಂತ ಅನ್ನಿಸುತ್ತದೆ. ಇಲ್ಲಿ ಸಮ ಇರಬೇಕಾದದ್ದು ಪರಿಣಾಮ, ಪ್ರಮಾಣ ಅಲ್ಲ.

ಹಂತ 7: ಓಡಿಸುವ ದಿನ

ಹಿಂದಿನ ರಾತ್ರಿಯೇ ಸೆನ್ಸರ್ ಕಾರ್ಟ್ರಿಡ್ಜನ್ನು ವೆಲ್‌ಗೆ 200 ಮೈಕ್ರೋಲೀಟರ್ ಕ್ಯಾಲಿಬ್ರಂಟ್‌ನಲ್ಲಿ ನೆನೆಹಾಕಿ. ಬೆಳಗ್ಗೆ ಪೋರ್ಟ್‌ಗಳನ್ನು ತುಂಬಿ. ಎ ಪೋರ್ಟ್‌ಗೆ 20 ಮೈಕ್ರೋಲೀಟರ್ ಒಲಿಗೋಮೈಸಿನ್, ಬಿಗೆ 22 ಎಫ್‌ಸಿಸಿಪಿ, ಸಿಗೆ 25 ರೋಟಿನೋನ್ ಮತ್ತು ಆಂಟಿಮೈಸಿನ್, ಎಲ್ಲವೂ ಹತ್ತುಪಟ್ಟು ಗಾಢ. ಕೊನೆಯಲ್ಲಿ ವೆಲ್‌ನಲ್ಲಿ ಒಲಿಗೋಮೈಸಿನ್ 1ರಿಂದ 1.5 ಮೈಕ್ರೋಮೋಲಾರ್, ರೋಟಿನೋನ್ ಮತ್ತು ಆಂಟಿಮೈಸಿನ್ ತಲಾ 0.5 ಬರಬೇಕು. ಪ್ರತಿ ಘಟ್ಟದಲ್ಲಿ 3 ನಿಮಿಷ ಕಲಕಿ 3 ನಿಮಿಷ ಅಳೆಯುವುದು, ಮೂರು ಸಲ.

ಕೋಶ ಇಲ್ಲದ ಮೂಲೆಯ ವೆಲ್‌ಗಳ ಪೋರ್ಟ್‌ಗೂ ಔಷಧಿ ತುಂಬಲು ಮರೆಯಬೇಡಿ. ಖಾಲಿ ಬಿಟ್ಟ ಪೋರ್ಟ್ ಬೇರೆ ಪೋರ್ಟ್‌ಗಳ ಚುಚ್ಚುವಿಕೆಯನ್ನು ಕೆಡಿಸುತ್ತದೆ.

ಬೆಂಗಳೂರು, ಮೈಸೂರಿನವರಿಗೆ ಒಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ವಾಯು ಒತ್ತಡ ಹತ್ತರಲ್ಲೊಂದು ಭಾಗ ಕಡಿಮೆ, ಮೀಡಿಯಾದಲ್ಲಿ ಕರಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಸಾಫ್ಟ್‌ವೇರ್‌ನಲ್ಲಿ ಒತ್ತಡ 760 (ಸಮುದ್ರಮಟ್ಟದ್ದು) ಎಂದು ಕೂತಿದೆಯಾ ಅಂತ ನೋಡಿ. ಒಂದೇ ಪ್ಲೇಟ್‌ನ ಕೋಶಗಳನ್ನು ಹೋಲಿಸುವಾಗ ಇದು ಅಷ್ಟೇನೂ ಕಾಡದು. ಮಂಗಳೂರಿನ ಗೆಳೆಯರ ಅಂಕಿಯ ಪಕ್ಕ ನಿಮ್ಮದನ್ನು ಇಡುವಾಗ ಕಾಡುತ್ತದೆ.

ಹಂತ 8: ಲೆಕ್ಕ

ಬರೀ ಲೆಕ್ಕದ ರೀತಿ ತೋರಿಸಲು ಕೆಲವು ಅಂಕಿ ಊಹಿಸಿಕೊಳ್ಳೋಣ, ಇವು ಯಾರ ಪ್ರಯೋಗದವೂ ಅಲ್ಲ. ಐಪಿಎಸ್ ವೆಲ್‌ನಲ್ಲಿ ಒಸಿಆರ್ ಮೊದಲು 100, ಒಲಿಗೋಮೈಸಿನ್ ಆದಮೇಲೆ 40, ಎಫ್‌ಸಿಸಿಪಿಗೆ 180, ಕೊನೆಗೆ 20. ಆ ಕೊನೆಯ 20 ಮೈಟೋಕಾಂಡ್ರಿಯಾದ್ದಲ್ಲ, ಎಲ್ಲದರಿಂದ ಕಳೆಯಿರಿ. ಆಗ ಮೂಲ ಉಸಿರಾಟ 80. ಅದರಲ್ಲಿ ಎಟಿಪಿಗಾಗಿ ನಡೆದದ್ದು 100ರಿಂದ 40 ಕಳೆದರೆ 60. ಸೋರಿಕೆ 20. ಗರಿಷ್ಠ 160. ಮೀಸಲು, ಅಂದರೆ ಗರಿಷ್ಠದಿಂದ ಮೂಲ ಕಳೆದರೆ, 80.

ಹೃದಯಕೋಶದ ವೆಲ್‌ನಲ್ಲಿ 150, 45, 330, 30 ಬಂದಿದೆ ಅನ್ನೋಣ. ಮೂಲ 120, ಎಟಿಪಿಗೆ 105, ಸೋರಿಕೆ 15, ಗರಿಷ್ಠ 300, ಮೀಸಲು 180.

ಈಗ ಕೋಶ ಎಷ್ಟಿತ್ತು ಅನ್ನುವ ಪ್ರಶ್ನೆ. ಎರಡೂ ವೆಲ್‌ನಲ್ಲಿ 20,000 ನ್ಯೂಕ್ಲಿಯಸ್ ಇತ್ತು ಅಂದುಕೊಳ್ಳಿ. ಸಾವಿರ ನ್ಯೂಕ್ಲಿಯಸ್‌ಗೆ ಐಪಿಎಸ್‌ನಲ್ಲಿ 4, ಹೃದಯಕೋಶದಲ್ಲಿ 6. ಹೃದಯಕೋಶ ಒಂದೂವರೆ ಪಟ್ಟು ಮೇಲು! ಆದರೆ ಹೃದಯಕೋಶ ಗಾತ್ರದಲ್ಲಿ ದೊಡ್ಡದು. ಐಪಿಎಸ್ ವೆಲ್‌ನಲ್ಲಿ 5 ಮೈಕ್ರೋಗ್ರಾಂ ಪ್ರೋಟೀನ್, ಹೃದಯಕೋಶದ ವೆಲ್‌ನಲ್ಲಿ 10 ಇದ್ದರೆ, ಮೈಕ್ರೋಗ್ರಾಂಗೆ ಐಪಿಎಸ್‌ನಲ್ಲಿ 16, ಹೃದಯಕೋಶದಲ್ಲಿ 12. ಈಗ ಐಪಿಎಸ್ ಮೇಲು! ಪ್ರಯೋಗ ಅದೇ, ಅಂಕಿ ಅದೇ, ಫಲಿತಾಂಶ ಮಾತ್ರ ಉಲ್ಟಾ. ಕೆಲವು ಹೃದಯಕೋಶಗಳಲ್ಲಿ ಎರಡು ನ್ಯೂಕ್ಲಿಯಸ್ ಇರುವುದೂ ಉಂಟು, ಗೋಜಲು ಇನ್ನೂ ಬೆಳೆಯುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ತಾಯಿಕೋಶವನ್ನೂ ಮರಿಕೋಶವನ್ನೂ ಹೋಲಿಸುವಾಗ ಒಂದೇ ವೆಲ್‌ನೊಳಗೆ ಹುಟ್ಟುವ ಅನುಪಾತಗಳನ್ನು ಮುಂದಿಡಿ. ಅವಕ್ಕೆ ಕೋಶದ ಎಣಿಕೆಯೇ ಬೇಕಿಲ್ಲ. ಮೀಸಲು ಮೂಲದ ಎಷ್ಟು ಶೇಕಡಾ? ಐಪಿಎಸ್‌ನಲ್ಲಿ 100, ಹೃದಯಕೋಶದಲ್ಲಿ 150. ಮೂಲ ಉಸಿರಾಟದಲ್ಲಿ ಸೋರಿಕೆಯ ಪಾಲೆಷ್ಟು? ಕಾಲು ಭಾಗ ಮತ್ತು ಎಂಟನೇ ಒಂದು ಭಾಗ. ಇವು ನ್ಯೂಕ್ಲಿಯಸ್‌ನಿಂದ ಭಾಗಿಸಿದರೂ ಪ್ರೋಟೀನ್‌ನಿಂದ ಭಾಗಿಸಿದರೂ ಬದಲಾಗುವುದಿಲ್ಲ. ಪ್ರಬಂಧದಲ್ಲಿ ನ್ಯೂಕ್ಲಿಯಸ್ ಮತ್ತು ಪ್ರೋಟೀನ್ ಎರಡರ ಲೆಕ್ಕವನ್ನೂ ಕೊಡಿ, ಆದರೆ ವಾದವನ್ನು ಅನುಪಾತದ ಮೇಲೆ ಕಟ್ಟಿ. ನ್ಯೂಕ್ಲಿಯಸ್ ಎಣಿಸಲು, ಓಟ ಮುಗಿದ ಮೇಲೆ ಹೋಕ್ಸ್ಟ್ ಬಣ್ಣ ಹಾಕಿ ಫೋಟೋ ತೆಗೆದರೆ ಸಾಕು.

ಇದಕ್ಕಿಂತ ಹೆಚ್ಚು ಹೇಳುವ ಅನುಪಾತ ಇನ್ನೊಂದಿದೆ: ಒಟ್ಟು ಎಟಿಪಿಯಲ್ಲಿ ಮೈಟೋಕಾಂಡ್ರಿಯಾದ ಪಾಲು. ಎಟಿಪಿಗಾಗಿ ನಡೆದ ಒಸಿಆರ್ ಅನ್ನು 2ರಿಂದ, ಮತ್ತೆ 2.75ರಿಂದ ಗುಣಿಸಿ. ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣು, ಪರಮಾಣುವಿಗೆ ಸರಾಸರಿ 2.75 ಎಟಿಪಿ ಎಂಬ ಲೆಕ್ಕ. ಐಪಿಎಸ್‌ಗೆ 330, ಹೃದಯಕೋಶಕ್ಕೆ 577.5. ಗ್ಲೈಕಾಲಿಸಿಸ್‌ನಿಂದ ಹೊರಬಂದ ಪ್ರೋಟಾನ್ ಒಂದಕ್ಕೆ ಎಟಿಪಿ ಒಂದು. ಅದು ಕ್ರಮವಾಗಿ 500 ಮತ್ತು 200 ಅನ್ನೋಣ. ಆಗ ಮೈಟೋಕಾಂಡ್ರಿಯಾದ ಪಾಲು ಸುಮಾರು 40 ಮತ್ತು 74 ಶೇಕಡಾ.

ಹಂತ 9: ಇಸಿಎಆರ್ ಒಂದನ್ನೇ ನಂಬಬೇಡಿ

ಮೀಡಿಯಾ ಹುಳಿಯಾಗುವುದು ಲ್ಯಾಕ್ಟೇಟ್ ಜೊತೆ ಬರುವ ಪ್ರೋಟಾನ್‌ನಿಂದ ಮಾತ್ರವಲ್ಲ. ಮೈಟೋಕಾಂಡ್ರಿಯಾ ಬಿಡುವ ಇಂಗಾಲದ ಡೈಆಕ್ಸೈಡ್ ನೀರಲ್ಲಿ ಕರಗಿಯೂ ಹುಳಿ ಮಾಡುತ್ತದೆ. ಚೆನ್ನಾಗಿ ಉಸಿರಾಡುವ ಹೃದಯಕೋಶದ ಇಸಿಎಆರ್‌ನಲ್ಲಿ ಈ ಪಾಲು ಸಣ್ಣದಿರುವುದಿಲ್ಲ. ಸಾಫ್ಟ್‌ವೇರ್‌ನಲ್ಲಿ ಇದನ್ನು ಕಳೆಯುವ ವ್ಯವಸ್ಥೆ ಇದೆ, ಬಳಸಿ. ಗ್ಲೈಕಾಲಿಸಿಸ್ ತಡೆಯುವ 2-ಡಿಜಿಯನ್ನು 50 ಮಿಲಿಮೋಲಾರ್ ಹಾಕಿದಾಗ ಎಷ್ಟು ಇಳಿಯಿತು ಎಂದೂ ನೋಡಿ.

ಇದರ ಜೊತೆ ಹಳೇ ಕಾಲದ ಸರಳ ಪರೀಕ್ಷೆಯೂ ಇರಲಿ. 24 ಗಂಟೆಯ ಮೀಡಿಯಾ ತೆಗೆದು ಗ್ಲೂಕೋಸ್ ಎಷ್ಟು ಖಾಲಿ ಆಯಿತು, ಲ್ಯಾಕ್ಟೇಟ್ ಎಷ್ಟು ಬಂತು ಎಂದು ಕಿಣ್ವದ ಕಿಟ್‌ನಲ್ಲಿ ಅಳೆಯಿರಿ. ಒಂದು ಗ್ಲೂಕೋಸ್‌ನಿಂದ ಹೆಚ್ಚೆಂದರೆ ಎರಡು ಲ್ಯಾಕ್ಟೇಟ್. 5 ಮಿಲಿಮೋಲಾರ್ ಖರ್ಚಾಗಿ 9 ಬಂದರೆ ಅನುಪಾತ 1.8, ಹತ್ತರಲ್ಲಿ ಒಂಬತ್ತು ಪಾಲು ಲ್ಯಾಕ್ಟೇಟ್ ಆಗಿ ಹೊರಬಿತ್ತು ಎಂದು ಓದಬಹುದು. ಕೋಶ ಇಲ್ಲದ ಮೀಡಿಯಾವನ್ನೂ ಅಷ್ಟೇ ಹೊತ್ತು ಇಟ್ಟು ಕಳೆಯಿರಿ. ಯಂತ್ರ ಇಲ್ಲದ ಕಾಲೇಜು ಲ್ಯಾಬ್‌ನವರೂ ಇದನ್ನು ಮಾಡಬಹುದು. ಒಪ್ಪವಾಗಿ ಮಾಡಿದರೆ ಅರ್ಧ ಕಥೆ ಇದೇ ಹೇಳಿಬಿಡುತ್ತದೆ.

ಹಂತ 10: ಯಾವ ಇಂಧನ?

ಆಮ್ಲಜನಕ ಖರ್ಚಾಯಿತು ಅಂದರೆ ಏನನ್ನು ಉರಿಸಿದ್ದು ಅಂತ ಗೊತ್ತಾಗುವುದಿಲ್ಲ. ಒಂದೊಂದೇ ಬಾಗಿಲು ಮುಚ್ಚಿ ನೋಡಬೇಕು. ಪೈರುವೇಟ್ ಒಳಹೋಗದಂತೆ ಯುಕೆ5099 (2 ಮೈಕ್ರೋಮೋಲಾರ್), ಗ್ಲುಟಮಿನ್ ದಾರಿಗೆ ಬಿಪಿಟಿಇಎಸ್ (3), ಉದ್ದ ಸರಪಳಿಯ ಕೊಬ್ಬಿನಾಮ್ಲಕ್ಕೆ ಎಟೋಮಾಕ್ಸಿರ್ (4).

ಎಟೋಮಾಕ್ಸಿರ್ ವಿಷಯದಲ್ಲಿ ಹಳೆಯ ಪ್ರಬಂಧ ನೋಡಿ ನಕಲು ಮಾಡಬೇಡಿ. 100, 200 ಮೈಕ್ರೋಮೋಲಾರ್ ಹಾಕಿದವರಿದ್ದಾರೆ. ಅಷ್ಟಾದರೆ ಅದು ಉಸಿರಾಟದ ಮೊದಲ ಸಂಕೀರ್ಣವನ್ನೇ (ಕಾಂಪ್ಲೆಕ್ಸ್ 1) ತಡೆಯುತ್ತದೆ. ಕೊಬ್ಬು ಉರಿಸದ ಕೋಶದಲ್ಲೂ ಒಸಿಆರ್ ಬೀಳುತ್ತದೆ. ಇನ್ನೊಂದು, ಮೀಡಿಯಾದಲ್ಲಿ ಕೊಬ್ಬಿನಾಮ್ಲವೇ ಇಲ್ಲದೆ 'ಈ ಕೋಶ ಕೊಬ್ಬು ಬಳಸುವುದಿಲ್ಲ' ಅನ್ನುವುದೂ ಸರಿಯಲ್ಲ. ಆಲ್ಬುಮಿನ್‌ಗೆ ಕಟ್ಟಿದ ಪಾಲ್ಮಿಟೇಟ್ ಮತ್ತು ಕಾರ್ನಿಟಿನ್ ಕೊಟ್ಟು, ಕೊಡದೆ, ಎರಡೂ ರೀತಿ ಅಳೆಯಿರಿ. ತಟ್ಟೆಯಲ್ಲಿ ಬೆಳೆದ ಹೃದಯಕೋಶ 30 ದಿನಕ್ಕೂ ಗರ್ಭದ ಮಗುವಿನ ಹೃದಯದಂತೆಯೇ ಇರುತ್ತದೆ, ಗ್ಲೂಕೋಸ್ ಬಿಟ್ಟುಕೊಡುವುದಿಲ್ಲ. ಗ್ಲೂಕೋಸ್ ಇಳಿಸಿ ಕೊಬ್ಬಿನಾಮ್ಲ ಏರಿಸಿದ ಮೀಡಿಯಾದಲ್ಲಿ ಕೆಲವು ವಾರ ಇಟ್ಟರೆ ಬಲಿಯುವಿಕೆ ಮುಂದೆ ಸಾಗುತ್ತದೆ.

ಕಾರ್ಬನ್-13 ಗುರುತಿನ ಗ್ಲೂಕೋಸ್ ಮತ್ತು ಮಾಸ್ ಸ್ಪೆಕ್ಟ್ರೋಮೀಟರ್ ಸಿಗುವಂತಿದ್ದರೆ ಬಿಡಬೇಡಿ. ಆರೂ ಇಂಗಾಲ ಗುರುತಾದ ಗ್ಲೂಕೋಸ್ ಕೊಟ್ಟಾಗ ಲ್ಯಾಕ್ಟೇಟ್‌ನಲ್ಲಿ ಮೂರು ಗುರುತು ಬಂದರೆ ಗ್ಲೈಕಾಲಿಸಿಸ್, ಸಿಟ್ರೇಟ್‌ನಲ್ಲಿ ಎರಡು ಬಂದರೆ ಅದು ಅಸಿಟೈಲ್-ಕೋಎ ಆಗಿ ಮೈಟೋಕಾಂಡ್ರಿಯಾ ಹೊಕ್ಕಿದೆ.

ಹಂತ 11: ಬಣ್ಣ ಹಾಕಿ ನೋಡುವಾಗ

ಮೈಟೋಕಾಂಡ್ರಿಯಾ ಪೊರೆಯ ವಿದ್ಯುತ್ ವ್ಯತ್ಯಾಸ ನೋಡುವ ಬಣ್ಣ ಟಿಎಂಆರ್‌ಎಂ, ಸುಮಾರು 20 ನ್ಯಾನೋಮೋಲಾರ್. ಎಫ್‌ಸಿಸಿಪಿ ಹಾಕಿದಾಗ ಬೀಳದ ಹೊಳಪು ಹೊಳಪೇ ಅಲ್ಲ. ಮೈಟೋಕಾಂಡ್ರಿಯಾದ ಡಿಎನ್‌ಎ ಎಷ್ಟು ಪ್ರತಿ ಎಂದು ಕ್ಯುಪಿಸಿಆರ್‌ನಲ್ಲಿ ಎನ್‌ಡಿ1 ಜೀನನ್ನು ನ್ಯೂಕ್ಲಿಯಸ್‌ನ ಬಿ2ಎಂ ಜೊತೆ ಹೋಲಿಸಿ ತಿಳಿಯಬಹುದು.

ಬಣ್ಣಗಳು ಹೇಗೆ ದಾರಿ ತಪ್ಪಿಸುತ್ತವೆ ಎಂಬುದಕ್ಕೆ ರಕ್ತದ ಕಾಂಡಕೋಶದ ಕಥೆ ಒಳ್ಳೆಯ ಪಾಠ. ಮೈಟೋಟ್ರ್ಯಾಕರ್ ಗ್ರೀನ್ ಹಾಕಿದಾಗ ಅವು ಮಂಕಾಗಿ ಕಾಣುತ್ತಿದ್ದವು. 'ಮೈಟೋಕಾಂಡ್ರಿಯಾ ಕಡಿಮೆ' ಎಂದು ವರ್ಷಗಟ್ಟಲೆ ನಂಬಲಾಗಿತ್ತು. 2017ರಲ್ಲಿ ಗೊತ್ತಾದದ್ದು, ಆ ಕೋಶಗಳು ಬಣ್ಣವನ್ನೇ ಪಂಪ್ ಮಾಡಿ ಹೊರಹಾಕುತ್ತವೆ ಎಂದು. ವೆರಪಮಿಲ್‌ನಿಂದ ಪಂಪ್ ನಿಲ್ಲಿಸಿ ನೋಡಿದರೆ ಮೈಟೋಕಾಂಡ್ರಿಯಾ ಧಾರಾಳವಾಗಿತ್ತು. ಇದ್ದೂ ಕಡಿಮೆ ಬಳಸುತ್ತಿದ್ದವು, ಅಷ್ಟೇ. ನಿಮ್ಮ ಕೋಶ ಯಾವುದೇ ಆಗಲಿ, ಒಂದು ವೆಲ್ ವೆರಪಮಿಲ್ ಜೊತೆ ಇರಲಿ.

ಬೇರೆ ಕೋಶ ಹಿಡಿದವರಿಗೆ

ಮೂಳೆಮಜ್ಜೆಯ ಕಾಂಡಕೋಶ ಸಿಗುವುದೇ ಅತಿ ಕಡಿಮೆ, ಸೀಹಾರ್ಸ್‌ಗೆ ಒಂದು ವೆಲ್ ತುಂಬುವುದೇ ಕಷ್ಟ. ಮಜ್ಜೆಯಲ್ಲಿ ಆಮ್ಲಜನಕವೂ ಬಹಳ ಕಡಿಮೆ. ಇಲಿಯಲ್ಲಿ ನೇರವಾಗಿ ಅಳೆದಾಗ ಎಲ್ಲ ಕಡೆ 32 ಮಿಲಿಮೀಟರ್ ಪಾದರಸಕ್ಕಿಂತ ಕೆಳಗೇ ಸಿಕ್ಕಿತು. ಕೊಠಡಿಯ ಗಾಳಿಯಲ್ಲಿ ತೆಗೆದ ಕೋಶದ ಅಂಕಿಯನ್ನು ಆ ದೃಷ್ಟಿಯಿಂದ ಓದಿ. ನರಕೋಶದವರು ಎಚ್‌ಕೆ2 ಮತ್ತು ಎಲ್‌ಡಿಎಚ್‌ಎ ಎಂಬ ಗ್ಲೈಕಾಲಿಸಿಸ್ ದಾರಿಯ ಕಿಣ್ವಗಳು ಇಳಿಯುವುದನ್ನೂ, ಪೈರುವೇಟ್ ಕೈನೇಸ್ ಪಿಕೆಎಂ2 ರೂಪದಿಂದ ಪಿಕೆಎಂ1ಕ್ಕೆ ಹೊರಳುವುದನ್ನೂ ದಿನದಿನ ಹಿಡಿಯಬೇಕು. ಸ್ನಾಯುವಿನ ಕಾಂಡಕೋಶವಾದ ಸ್ಯಾಟಲೈಟ್ ಕೋಶದಲ್ಲಿ ಆಟ ಬೇರೆ. ಮಲಗಿದ್ದಾಗ ಕೊಬ್ಬಿನಾಮ್ಲ, ಎದ್ದಾಗ ಗ್ಲೈಕಾಲಿಸಿಸ್. ಅಂಗಾಂಶದಿಂದ ಬಿಡಿಸುವ ಗಂಟೆಗಳಲ್ಲೇ ಅವು ಎಚ್ಚರಗೊಳ್ಳತೊಡಗುತ್ತವೆ. ಹಾಗಾಗಿ ಅಲ್ಲಿ ಬೇಗ ಮುಗಿಸುವುದೇ ಮುಖ್ಯ.

ಇಲಿಯ ಭ್ರೂಣದ ಕಾಂಡಕೋಶದವರು ಇನ್ನೊಂದು ಗಮನಿಸಬೇಕು. ಅದರ ಆರಂಭದ ಸ್ಥಿತಿಯಲ್ಲಿ ಗ್ಲೈಕಾಲಿಸಿಸ್ ಮತ್ತು ಮೈಟೋಕಾಂಡ್ರಿಯಾ ಎರಡೂ ನಡೆಯುತ್ತವೆ. ಸ್ವಲ್ಪ ಮುಂದಿನ ಎಪಿಬ್ಲಾಸ್ಟ್ ಸ್ಥಿತಿಯಲ್ಲಿ ಗ್ಲೈಕಾಲಿಸಿಸ್ ಕಡೆಗೇ ವಾಲುತ್ತದೆ ಎಂದು 2012ರಲ್ಲಿ ಪ್ರಕಟವಾಗಿದೆ. ಮನುಷ್ಯನ ಮಾಮೂಲಿ ಐಪಿಎಸ್ ಕೋಶ ಹೋಲುವುದು ಈ ಎರಡನೆಯದನ್ನು. ಇಲಿಯ ಪ್ರಬಂಧ ಓದಿ ಮನುಷ್ಯನ ಕೋಶದ ಬಗ್ಗೆ ಊಹೆ ಕಟ್ಟುವಾಗ ಬಹಳ ಜನ ಜಾರುವುದು ಇಲ್ಲೇ.

ಹಂತ 12: ಕಾರಣವೋ, ಪರಿಣಾಮವೋ?

ಇಷ್ಟೆಲ್ಲ ಅಳೆದ ಮೇಲೂ ಉಳಿಯುವ ಪ್ರಶ್ನೆ: ಶಕ್ತಿಯ ದಾರಿ ಬದಲಾದ್ದರಿಂದ ಕೋಶ ಬದಲಾಯಿತೋ, ಕೋಶ ಬದಲಾದ್ದರಿಂದ ದಾರಿ ಬದಲಾಯಿತೋ? ಹಿಮ್ಮುಖ ಪಯಣದಲ್ಲಿ, ಅಂದರೆ ಫೈಬ್ರೋಬ್ಲಾಸ್ಟ್ ಅನ್ನು ಐಪಿಎಸ್ ಮಾಡುವಾಗ, ಗ್ಲೈಕಾಲಿಸಿಸ್ ಏರುವುದು ಕಾಂಡಕೋಶದ ಜೀನ್‌ಗಳು ಹೊತ್ತಿಕೊಳ್ಳುವುದಕ್ಕಿಂತ ಮುಂಚೆ ಎಂದು 2011ರಲ್ಲೇ ತೋರಿಸಿದ್ದಾರೆ. ಅಸಿಟೈಲ್-ಕೋಎ, ಡಿಎನ್‌ಎ ಸುತ್ತಿಕೊಂಡ ಹಿಸ್ಟೋನ್‌ಗಳ ಮೇಲೆ ಜೀನ್ ನಿಯಂತ್ರಿಸುವ ಗುರುತು ಹಾಕಲು ಬೇಕು, ಆಲ್ಫಾ-ಕೀಟೋಗ್ಲುಟರೇಟ್ ಗುರುತು ಅಳಿಸುವ ಕಿಣ್ವಗಳಿಗೆ ಬೇಕು. ಅಂದರೆ ಕಾರಣ ಆಗುವ ದಾರಿ ಇದೆ.

ಪರೀಕ್ಷಿಸಲು ದಾರಿಯನ್ನು ನೀವೇ ತಿರುಗಿಸಿ. 3ರಿಂದ 7ನೇ ದಿನದ ಕಿಟಕಿಯಲ್ಲಿ ಡೈಕ್ಲೋರೋಅಸಿಟೇಟ್ ಕೊಟ್ಟರೆ ಪೈರುವೇಟ್ ಮೈಟೋಕಾಂಡ್ರಿಯಾ ಕಡೆಗೆ ತಳ್ಳಲ್ಪಡುತ್ತದೆ. ಯುಕೆ5099 ಕೊಟ್ಟರೆ ತಡೆಯಲ್ಪಡುತ್ತದೆ. ಟ್ರೊಪೋನಿನ್ ಟಿ ಕೋಶಗಳ ಪಾಲು ಏರಿತೋ ಇಳಿಯಿತೋ ನೋಡಿ. ಇಳಿದರೆ ಅಲ್ಲಿಗೇ ನಿಲ್ಲಿಸಬೇಡಿ, ಕೋಶ ಸತ್ತದ್ದರಿಂದ ಇಳಿಯಿತೇ ಎಂದು ಎಣಿಸಿ. ಯುಕೆ5099 ಜೊತೆ ಪೊರೆ ದಾಟುವ ರೂಪದ ಆಲ್ಫಾ-ಕೀಟೋಗ್ಲುಟರೇಟ್ ಅಥವಾ ಅಸಿಟೇಟ್ ಕೊಟ್ಟು, ಪಾಲು ಮತ್ತೆ ಮೇಲೇರುತ್ತದೆಯೇ ಎಂದೂ ನೋಡಿ. ಪ್ರತಿ ಸಲವೂ ಹೊಸದಾಗಿ ಬೆಳೆಸಿದ ಕೋಶದಲ್ಲಿ, ಕನಿಷ್ಠ ಮೂರು ಬಾರಿ, ಸಾಧ್ಯವಾದರೆ ಎರಡು ದಾನಿಗಳ ಸಾಲಿನಲ್ಲಿ ಮಾಡಿ. ಒಂದೇ ಪ್ಲೇಟ್‌ನ ಹನ್ನೆರಡು ವೆಲ್ ಹನ್ನೆರಡು ಪ್ರಯೋಗ ಆಗುವುದಿಲ್ಲ. ಅವುಗಳ ಸರಾಸರಿ ಒಂದು ಪ್ರಯೋಗ, ಗ್ರಾಫ್‌ನಲ್ಲಿ ಒಂದೇ ಚುಕ್ಕೆ.